ಕೀಡೆಯ ಹಿರಿತನ: ಒಂದು ಮೀಮಾಂಸೆ

ತೊಗರಿಯ ಕಾಯಿಕೊರಕ ಕೀಡೆ ನಂಜಾಣುವಿಗೆ ಬಲಿಯಾಗುವುದು ಎಳೆತನದ ದೆಸೆಯಿಂದಲೋ, ಸಣ್ಣ ಮೈಯ ದೆಸೆಯಿಂದಲೋ ಎಂಬ ಪ್ರಶ್ನೆಯನ್ನು ಕೀಡೆಗಳು ಈವರೆಗೆ ಎತ್ತಿದ ದಾಖಲೆಯಿಲ್ಲ. ಆ ಹೊರೆಯನ್ನು ವಿದ್ವಾಂಸರೇ ಹೊತ್ತಿದ್ದಾರೆ. ಗ್ರಂಥಾರಂಭದಲ್ಲಿ ಅನುಬಂಧ ಚತುಷ್ಟಯವನ್ನು ಹೇಳಬೇಕೆಂದು ಶಾಸ್ತ್ರ. ವಿಷಯ: ಕೀಡೆಯ ಮರಣ. ಪ್ರಯೋಜನ: ತೊಗರಿಬೇಳೆ. ಅಧಿಕಾರಿ: ಸಾರು ಉಣ್ಣುವ ಸಮಸ್ತರು. ಸಂಬಂಧ: ಪ್ರಬಂಧ ಮುಗಿಯುವುದರೊಳಗೆ ಕಂಡುಬಂದರೆ ತಿಳಿಸಲಾಗುವುದು.

ಮೊದಲು ನಂಜಾಣುವಿನ ಕುಲಗೋತ್ರ. ಎನ್‌ಪಿವಿ ಎಂಬ ಈ ಮಹಾಶಯ ಒಂಟಿಯಾಗಿ ತಿರುಗುವವನಲ್ಲ. ಪ್ರೋಟೀನಿನ ಹರಳೊಂದರಲ್ಲಿ ಸಪರಿವಾರನಾಗಿ ಹುದುಗಿ, ಮೊಗ್ಗು ಎಲೆಗಳ ಮೇಲೆ ಕಾಯುತ್ತಾನೆ. ಕೀಡೆ ಮೇಯುತ್ತ ಹರಳನ್ನೂ ನುಂಗುತ್ತದೆ. ಅದರ ಕರುಳಿನ ಕಟುಕ್ಷಾರಕ್ಕೆ ಹರಳು ಕರಗುತ್ತದೆ. ಪರಿವಾರ ಹೊರಬಿದ್ದು ಮೊದಲು ಕರುಳಿನ ಕೋಶಗಳಿಗೆ, ಆಮೇಲೆ ಮೈಯೆಲ್ಲಕ್ಕೂ ನುಗ್ಗುತ್ತದೆ. ಕೊನೆಗೆ ಕೀಡೆ ಗಿಡದ ತುದಿಗೇರಿ, ತಲೆಕೆಳಗಾಗಿ ಜೋತುಬಿದ್ದು, ಒಳಗೆಲ್ಲ ನೀರಾಗಿ ಸಾಯುತ್ತದೆ.

ಈಗ ಪೂರ್ವಪಕ್ಷ. ದೇಹವಾದಿಗಳು ಹೇಳುತ್ತಾರೆ: ಮೊಟ್ಟೆಯಿಂದ ಈಚೆ ಬಂದ ಕೀಡೆ 2 ಮಿ.ಮೀ. ಕೂಡ ಇರುವುದಿಲ್ಲ, ಬಲಿತದ್ದು ಸುಮಾರು 4 ಸೆಂ.ಮೀ.; ಮೈ ಹಿಗ್ಗಿದಷ್ಟೂ ನಂಜು ಹೆಚ್ಚು ಬೇಕು, ಇದರಲ್ಲೇನು ಮೀಮಾಂಸೆ? ವಾದ ಸರಳವಾಗಿದೆ, ಆದ್ದರಿಂದಲೇ ವಿದ್ವಜ್ಜನರಿಗೆ ಅಸಹ್ಯ. ವಯೋವಾದಿಗಳು ಎದ್ದು ನಿಲ್ಲುತ್ತಾರೆ: ಮರಿಯನ್ನು ಮುಗಿಸಲು ಕೆಲವೇ ಹರಳು ಸಾಕು, ಕೊನೆಯ ಹಂತದ್ದಕ್ಕೆ ಸಾವಿರ, ಲಕ್ಷಗಟ್ಟಲೆ ಬೇಕು, ಈ ಲೆಕ್ಕವನ್ನು ಮೈತೂಕದಿಂದ ಭಾಗಿಸಿ ನೋಡಿ! ಭಾಗಿಸಿದರೆ ಕೆಲವು ಜಾತಿಯ ಕೀಡೆಗಳಲ್ಲಿ ಅಂತರ ಕರಗುತ್ತದೆ, ಬಹಳಷ್ಟರಲ್ಲಿ ಕರಗುವುದಿಲ್ಲ. ಅಂದರೆ ತೂಕದಾಚೆಗೂ ಹಿರಿತನಕ್ಕೆ ಒಂದು ಗುಟ್ಟಿದೆ. ದೇಹವಾದಿಗಳು ಇಲ್ಲಿ ಚಹಾ ವಿರಾಮ ಕೇಳುವುದು ವಾಡಿಕೆ.

ಗುಟ್ಟು ಹೊಟ್ಟೆಯಲ್ಲಿದೆ ಎನ್ನುವವರು ಮೂರನೆಯ ಪಂಥದವರು, ಮತ್ತು ಗೆಲ್ಲುವವರೂ ಅವರೇ. ನಂಜಾಣುವನ್ನು ಬಾಯಿಂದ ಉಣಿಸದೆ ಸೂಜಿಯಿಂದ ನೇರವಾಗಿ ರಕ್ತಕ್ಕೆ ಹಾಕಿದರೆ ಎಷ್ಟೋ ಜಾತಿಗಳಲ್ಲಿ ಹಿರಿಯ ಕೀಡೆಯ ಹಿರಿತನವೆಲ್ಲ ಬಯಲು. ಕಿರಿಯದರಷ್ಟೇ ಸುಲಭವಾಗಿ ಸಾಯುತ್ತದೆ. ಕೋಟೆಯೆಂದರೆ ಕರುಳು. ಕೋಸಿನ ಕೀಡೆಯ ಮೇಲಿನ ಅಧ್ಯಯನಗಳು ತೋರಿಸಿರುವಂತೆ, ಸೋಂಕು ತಗುಲಿದ ಕರುಳಿನ ಕೋಶಗಳನ್ನು ಕೀಡೆ ಉದುರಿಸಿಬಿಡುತ್ತದೆ. ಪೊರೆ ಬಿಡುವ ಕಾಲವಂತೂ ಮನೆ ತೊಳೆಯುವ ಸಂಭ್ರಮ. ಆದರೆ ಪೊರೆ ಕಳಚಿದ ಹೊಸದರಲ್ಲೇ ಅದೇ ಕೀಡೆ ಮೆತ್ತಗಿರುತ್ತದೆ, ಕೆಲವು ಗಂಟೆ ಕಳೆದರೆ ಗಟ್ಟಿ. ಇದರಿಂದ ವಯಸ್ಸನ್ನು ದಿನದಲ್ಲಲ್ಲ, ಗಂಟೆಯಲ್ಲಿ ಎಣಿಸಬೇಕೆಂದು ಸಿದ್ಧವಾಗುತ್ತದೆ. ಕೀಡೆಗಳ ಜಾತಕ ಬರೆಯಲು ಹುದ್ದೆಗಳನ್ನು ಮಂಜೂರು ಮಾಡಬೇಕೆಂಬುದು ಈ ಲೇಖಕನ ವಿನಮ್ರ ಶಿಫಾರಸು.

ನಂಜಾಣುವೂ ಸುಮ್ಮನೆ ಕೂತಿಲ್ಲ. 1989ರಲ್ಲಿ ಡೇವಿಡ್ ಓರೈಲಿ, ಲೋಯಿಸ್ ಮಿಲ್ಲರ್ ಕಂಡುಹಿಡಿದಂತೆ ಅದರ ಬಳಿ ಇಜಿಟಿ ಎಂಬ ಜೀನು ಇದೆ. ಪೊರೆ ಬಿಡಿಸುವ ಹಾರ್ಮೋನಿಗೆ ಅದು ಸಕ್ಕರೆ ಅಂಟಿಸಿ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಕಡತಕ್ಕೆ ಸಿಹಿ ಮೆತ್ತಿ ಬಡ್ತಿ ತಡೆದ ಹಾಗೆ. ಕೀಡೆ ಮುಂದಿನ ಹಂತಕ್ಕೆ ಹೋಗದೆ ತಿನ್ನುತ್ತ, ಹಿಗ್ಗುತ್ತ, ನಂಜಾಣುವಿನ ಸಂತಾನಕ್ಕೆ ಜಾಗ ಒದಗಿಸುತ್ತದೆ.

ಇಲ್ಲಿಂದಲೇ ತೊಡಕು. ಹೊಲದಲ್ಲಿ ಸಿಂಪಡಿಸುವವನಿಗೆ ಮರಿಗಳು ಬೇಕು: ಬೇಗ ಸಾಯುತ್ತವೆ, ಕಾಯಿಗೆ ಇನ್ನೂ ಬಾಯಿ ಹಾಕಿರುವುದಿಲ್ಲ. ಬಲಿತ ಕೀಡೆಯೋ ತಲೆಯನ್ನು ಕಾಯೊಳಗಿಟ್ಟು, ಬೆನ್ನನ್ನು ಸಿಂಪಡಣೆಗೆ ಒಪ್ಪಿಸಿ, ನಿಶ್ಚಿಂತವಾಗಿ ಉಣ್ಣುತ್ತಿರುತ್ತದೆ. ಬೆನ್ನಿಗೆ ಬಿದ್ದ ಹರಳು ಹೊಟ್ಟೆಗಿಲ್ಲ. ಆದರೆ ನಂಜಾಣುವನ್ನು ತಯಾರಿಸುವವನಿಗೆ ದೊಡ್ಡವೇ ಬೇಕು. ಮರಿಯ ಮೈಯಲ್ಲಿ ಎಷ್ಟು ಹರಳು ಬೆಳೆದೀತು? ಅವನು ಕೀಡೆಗಳನ್ನು ಒಂದೊಂದಾಗಿ ಬೇರೆಬೇರೆ ಡಬ್ಬಿಯಲ್ಲಿ ಕೂಡಿಹಾಕಿ (ಜೊತೆಗಿಟ್ಟರೆ ಒಂದನ್ನೊಂದು ತಿಂದು ಪ್ರಯೋಗದ ಅಂಕಿಸಂಖ್ಯೆಯನ್ನೇ ಕೆಡಿಸುತ್ತವೆ), ನೆನೆಸಿದ ಕಡಲೆಗೆ ನಂಜಾಣು ಲೇಪಿಸಿ ಉಣಿಸುತ್ತಾನೆ. ಒಂದೇ ಕೀಡೆ ಒಬ್ಬನಿಗೆ ತಡವಾದ ಶತ್ರು, ಇನ್ನೊಬ್ಬನಿಗೆ ಸಕಾಲದ ಕಾರ್ಖಾನೆ.

ಅಳತೆಯ ಮಾನವೂ ಕೀಡೆಯೇ. ಎಲ್‌ಇ, ಅಂದರೆ ಒಂದು ಕೀಡೆಗೆ ಸಮಾನ: 600 ಕೋಟಿ ಹರಳು. ಹೆಕ್ಟೇರಿಗೆ ಶಿಫಾರಸು 250 ಎಲ್‌ಇ, ಗುಣಿಸಿದರೆ 1.5 ಲಕ್ಷ ಕೋಟಿ. ಬಜೆಟ್ ಭಾಷಣ ಬಿಟ್ಟರೆ ಇಂಥ ಅಂಕಿ ಕೇಳಿಬರುವುದು ತೊಗರಿ ಹೊಲದಲ್ಲಿ ಮಾತ್ರ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಈ ಕೋಟ್ಯಂತರವೂ ಸೊರಗುವುದರಿಂದ ಬೆಲ್ಲ ಬೆರೆಸಿ ಸಂಜೆ ಹೊಡೆಯಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪಕ್ಷ ಉಳಿಯಿತು. ತೊಗರಿ ಸೀಮೆಯ ರೈತರು ಗಿಡದ ಬುಡಕ್ಕೆ ಬಟ್ಟೆ ಹಾಸಿ, ತೊಗರಿಯನ್ನು ಹಿಡಿದು ಅಲುಗಿಸಿ, ಉದುರಿದ ಕೀಡೆಗಳನ್ನು ಕೋಳಿಗಳಿಗೆ ಹಾಕಿದ್ದೂ ಉಂಟು. ಕೋಳಿಗೆ ಹಂತ, ಪೊರೆ, ಕರುಳು, ಗಂಟೆ ಯಾವುದರಲ್ಲೂ ಆಸಕ್ತಿಯಿಲ್ಲ. ದಪ್ಪನೆಯದನ್ನು ಮೊದಲು ಕುಕ್ಕುತ್ತದೆ. ದೇಹವಾದಿಗಳು ಇದನ್ನು ತಮ್ಮ ಪಕ್ಷದ ಪ್ರಮಾಣವೆಂದು ಅಡಿಟಿಪ್ಪಣಿಗೆ ಸೇರಿಸಲು ಅರ್ಜಿ ಕೊಟ್ಟಿದ್ದಾರೆ. ವಯೋವಾದಿಗಳ ಆಕ್ಷೇಪಣೆ ವಿಚಾರಣೆಯಲ್ಲಿದೆ.