ಪರಲೋಕದ ಅಕ್ರಮ–ಸಕ್ರಮ

ಗಾಂಧೀಜಿ ಈಗ ಎಲ್ಲಿದ್ದಾರೆ ಎಂಬುದು ಅಮೆರಿಕದ ಮಿಶಿಗನ್‌ನಲ್ಲಿ ಒಬ್ಬರಿಗೆ ಖಚಿತವಾಗಿ ಗೊತ್ತಿತ್ತು. ಅಲ್ಲಿನ ಮಾರ್ಸ್ ಹಿಲ್ ಚರ್ಚಿನಲ್ಲಿ ಕಲಾಪ್ರದರ್ಶನ. ಯಾರೋ ತಮ್ಮ ಕಲಾಕೃತಿಯಲ್ಲಿ ಗಾಂಧಿಯ ಮಾತೊಂದನ್ನು ಬಳಸಿದ್ದರು. ಇನ್ಯಾರೋ ಬಂದು, ಈ ಮನುಷ್ಯ ಇರುವುದು ನರಕದಲ್ಲಿ ಎಂಬರ್ಥದ ಚೀಟಿ ಅಂಟಿಸಿ ಹೋದರು. ಹೆಸರು ಹಾಕಿರಲಿಲ್ಲ. ಅಲ್ಲಿನ ಪಾಸ್ಟರ್ ರಾಬ್ ಬೆಲ್ 2011ರಲ್ಲಿ ಒಂದು ಪುಸ್ತಕ ಬರೆದು, ಹೌದೇ, ನಿಮಗೆ ಹೇಗೆ ಗೊತ್ತು ಎಂದು ಕೇಳಿದರು. ಗದ್ದಲ ಎದ್ದದ್ದು ಚೀಟಿಯ ಮೇಲಲ್ಲ, ಪ್ರಶ್ನೆಯ ಮೇಲೆ. ಪುಸ್ತಕ ಅಂಗಡಿಗೆ ಬರುವ ಮೊದಲೇ ಜಾನ್ ಪೈಪರ್ ಎಂಬ ಹಿರಿಯ ಬೋಧಕರು ಟ್ವಿಟರಿನಲ್ಲಿ ಬೆಲ್‌ಗೆ ವಿದಾಯ ಹೇಳಿ ಮುಗಿಸಿದ್ದರು.

ಚೀಟಿ ಅಂಟಿಸಿದವರನ್ನು ಬೈದು ಪ್ರಯೋಜನವಿಲ್ಲ, ಅವರ ಬೆನ್ನಿಗೆ ದೊಡ್ಡ ದಫ್ತರವೇ ಇದೆ. 1442ರಲ್ಲಿ ಫ್ಲಾರೆನ್ಸ್ ಮಹಾಸಭೆಯ ಕಾಲಕ್ಕೆ ಪೋಪ್ ನಾಲ್ಕನೇ ಯೂಜೀನ್ ಆಜ್ಞಾಪತ್ರ ಹೊರಡಿಸಿದರು. ಅನ್ಯಧರ್ಮೀಯರು, ಯೆಹೂದಿಗಳು, ಭಿನ್ನಮತೀಯರು ಸಾಯುವುದರೊಳಗೆ ಚರ್ಚಿಗೆ ಸೇರದಿದ್ದರೆ, ಸೈತಾನನಿಗೆಂದು ಹೊತ್ತಿಸಿಟ್ಟ ಬೆಂಕಿಯೇ ಗತಿ. ಆಜ್ಞೆಗೆ ಐವತ್ತು ವರ್ಷ ತುಂಬುವ ಹೊತ್ತಿಗೆ ಕೊಲಂಬಸ್ ಹಡಗು ಹತ್ತಿದ. ನೋಡಿದರೆ, ರೋಮಿಗೆ ಸುದ್ದಿಯನ್ನೂ ಕೊಡದೆ ಒಂದು ಇಡೀ ಖಂಡ ತಲೆತಲಾಂತರದಿಂದ ನರಕಕ್ಕೆ ಹೋಗುತ್ತಲೇ ಇತ್ತು!

ಕವಿ ಡಾಂಟೆಗೆ ಈ ಮುಜುಗರ ಮೊದಲೇ ತಟ್ಟಿತ್ತು. 14ನೇ ಶತಮಾನದ ಆರಂಭದಲ್ಲೇ ಅವನು ತನ್ನ ಸ್ವರ್ಗಕಾಂಡದಲ್ಲಿ ನಮ್ಮ ಕಡೆಯವನೊಬ್ಬನ ಕೇಸು ಎತ್ತಿಕೊಂಡ. ಸಿಂಧೂ ನದಿಯ ದಡದಲ್ಲಿ ಹುಟ್ಟಿದವ, ಕ್ರಿಸ್ತನ ಹೆಸರು ಹೇಳುವವರು ಅಲ್ಲಿ ಯಾರೂ ಇಲ್ಲ, ನಡತೆಯಲ್ಲಿ ದೋಷವಿಲ್ಲ, ದೀಕ್ಷಾಸ್ನಾನವಿಲ್ಲದೆ ಸತ್ತ. ಇವನಿಗೆ ಶಿಕ್ಷೆ ಯಾವ ನ್ಯಾಯ? ಸ್ವರ್ಗದ ಗರುಡ ಕೊಟ್ಟ ಉತ್ತರದ ಸಾರ: ಅಷ್ಟು ದೂರದ ವಿಷಯದಲ್ಲಿ ತೀರ್ಪು ಹೇಳಲು ನೀನ್ಯಾರು? ಉತ್ತರ ಸೊಗಸಾಗಿದೆ. ಆದರೆ ನರಕಕಾಂಡದ ತುಂಬ ಯಾರ್ಯಾರನ್ನು ಎಲ್ಲೆಲ್ಲಿ ಹಾಕಬೇಕೆಂದು ನಕ್ಷೆ ಸಮೇತ ತೀರ್ಪು ಹೇಳಿ ಬಂದವನಿಗೆ ಇದನ್ನು ಕೊನೆಯಲ್ಲಿ ಹೇಳಿದ್ದು ಸ್ವಲ್ಪ ತಡವಾಯಿತು. ವಶೀಲಿ ಇದ್ದವರು ಅಷ್ಟರಲ್ಲಿ ಒಳಗಿದ್ದರು. ಪೋಪ್ ಗ್ರೆಗೊರಿಯ ಪ್ರಾರ್ಥನೆಯಿಂದ ಪಾರಾದನೆಂಬ ಐತಿಹ್ಯದ ಬಲದಲ್ಲಿ ರೋಮ್ ಚಕ್ರವರ್ತಿ ಟ್ರೇಜನ್‌ಗೆ ಸ್ವರ್ಗದಲ್ಲಿ ಜಾಗ. ವರ್ಜಿಲ್ ತನ್ನ ಕಾವ್ಯದಲ್ಲಿ ಹಾಗೇ ಹೆಸರಿಸಿ ಮುಂದೆ ಹೋದ ರಿಫಿಯಸ್ ಎಂಬ ಟ್ರಾಯ್ ಯೋಧನಿಗೂ ಜಾಗ. ಡಾಂಟೆಯನ್ನು ಕೈಹಿಡಿದು ನರಕವೆಲ್ಲ ಸುತ್ತಿಸಿದ ವರ್ಜಿಲ್ ಮಾತ್ರ ಅಂಚಿನ ಲಿಂಬೋದಲ್ಲೇ ಕಾಯಂ. ಪಾತ್ರ ಪಾಸು, ಕವಿ ಫೇಲು.

ಕಾಗದದ ಮೇಲಿನ ಈ ಕಾನೂನು ಬದುಕಿರುವವರ ಮುಂದೆ ಹೋದಾಗ ಏನಾಯಿತು? ಫ್ರಾನ್ಸಿಸ್ ಝೇವಿಯರ್ 1549ರಲ್ಲಿ ಜಪಾನಿಗೆ ಹೋದರು. 1552ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಅವರೇ ಹೇಳುವಂತೆ, ಹೊಸದಾಗಿ ಕ್ರೈಸ್ತರಾದ ಜಪಾನೀಯರು ಕೇಳಿದ್ದು ತಮ್ಮ ಬಗ್ಗೆ ಅಲ್ಲ. ಸತ್ತುಹೋದ ಅಪ್ಪ, ಅಮ್ಮ, ಮಕ್ಕಳ ಬಗ್ಗೆ. ದಾನ ಕೊಟ್ಟರೆ, ಪ್ರಾರ್ಥನೆ ಮಾಡಿದರೆ ಅವರು ನರಕದಿಂದ ಬಿಡುಗಡೆ ಆಗುತ್ತಾರೆಯೇ? ಆಗುವುದಿಲ್ಲ ಎಂದರು ಝೇವಿಯರ್. ಕೇಳಿದವರು ಅತ್ತರು. ನೋಡಿ ತಮಗೂ ಸಂಕಟವಾಯಿತೆಂದು ಝೇವಿಯರ್ ಬರೆದಿದ್ದಾರೆ, ಆ ಪ್ರಾಮಾಣಿಕತೆಗೆ ಕೈಮುಗಿಯೋಣ. ಅಲ್ಲಿನ ಬೌದ್ಧ ಪುರೋಹಿತರು ದಕ್ಷಿಣೆ ತೆಗೆದುಕೊಂಡಾದರೂ ಸತ್ತವರನ್ನು ಬಿಡಿಸುವ ಭರವಸೆ ಕೊಡುತ್ತಿದ್ದರು. ಝೇವಿಯರ್ ಪುಕ್ಕಟೆಯಾಗಿ ಕೈಯಲ್ಲಾಡಿಸಿಬಿಟ್ಟರು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಯವರಿಗೆ ಆ ಅಳುವನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲರೂ ಅಳಲಿಲ್ಲ. ಈಗಿನ ನೆದರ್ಲೆಂಡ್ಸ್ ಕಡೆಯ ಫ್ರಿಸಿಯನ್ನರ ದೊರೆ ರಾಡ್ಬೋಡ್ ದೀಕ್ಷಾಸ್ನಾನದ ತೊಟ್ಟಿಗೆ ಕಾಲಿಡುವಾಗ, ನಮ್ಮ ಹಿರಿಯರು ಎಲ್ಲಿದ್ದಾರೆ ಎಂದು ಕೇಳಿದನಂತೆ. ನರಕದಲ್ಲಿ ಎಂಬ ಉತ್ತರ ಬಂತು. ಹಾಗಾದರೆ ನಾನೂ ಅಲ್ಲಿಗೇ ಎಂದು ಕಾಲು ಹಿಂದೆ ತೆಗೆದನಂತೆ. 1512ರಲ್ಲಿ ಕ್ಯೂಬಾದಲ್ಲಿ ಸ್ಪೇನಿನವರು ಸುಡಲು ಕಟ್ಟಿಹಾಕಿದ್ದ ನಾಯಕ ಹಟುವೇ ಇನ್ನೂ ನೇರ ಮನುಷ್ಯ. ಸ್ವರ್ಗಕ್ಕೆ ಸ್ಪೇನಿನವರೂ ಬರುತ್ತಾರಾ ಎಂದು ವಿಚಾರಿಸಿ, ಒಳ್ಳೆಯವರು ಬರುತ್ತಾರೆ ಎಂದಾಗ, ನರಕವೇ ಸಾಕೆಂದನೆಂದು ಪಾದ್ರಿ ಲಾಸ್ ಕಾಸಾಸ್ ದಾಖಲಿಸಿದ್ದಾರೆ.

ಕೊನೆಗೆ ರೋಮ್ ನಮ್ಮ ಸರ್ಕಾರಗಳಿಗೆ ಚೆನ್ನಾಗಿ ಗೊತ್ತಿರುವ ದಾರಿ ಹಿಡಿಯಿತು: ಅಕ್ರಮ–ಸಕ್ರಮ. 1964ರ ಎರಡನೇ ವ್ಯಾಟಿಕನ್ ಮಹಾಸಭೆಯ ದಾಖಲೆಯ ಪ್ರಕಾರ, ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದವರೂ ದೇವರನ್ನು ಪ್ರಾಮಾಣಿಕವಾಗಿ ಹುಡುಕಿ, ಮನಸ್ಸಾಕ್ಷಿಯಂತೆ ನಡೆದರೆ ಪಾರಾಗಬಹುದು. ಹಳೆಯ ಆಜ್ಞೆ ರದ್ದಾಗಲಿಲ್ಲ, ವ್ಯಾಖ್ಯಾನ ಹಿಗ್ಗಿತು. ಆ ಆಜ್ಞೆಯನ್ನು ಅಕ್ಷರಶಃ ಹಿಡಿದು ಕೂತಿದ್ದ ಬಾಸ್ಟನ್ನಿನ ಪಾದ್ರಿ ಲಿಯೊನಾರ್ಡ್ ಫೀನಿ, ಕರೆದರೂ ರೋಮಿಗೆ ಬರಲಿಲ್ಲವೆಂದು 1953ರಲ್ಲಿ ಬಹಿಷ್ಕೃತರಾದರು. ಚರ್ಚಿನ ಹೊರಗೆ ರಕ್ಷಣೆಯಿಲ್ಲ ಎಂದವರನ್ನು ಚರ್ಚಿನ ಹೊರಗಿಟ್ಟು, 1972ರಲ್ಲಿ ಮತ್ತೆ ಒಳಗೆ ಕರೆದುಕೊಂಡರು.

ಜರ್ಮನ್ ದೇವತಾಶಾಸ್ತ್ರಿ ಕಾರ್ಲ್ ರಾನರ್ ಇನ್ನೂ ಉದಾರಿ. ಒಳ್ಳೆಯ ಹಿಂದೂವೋ ಬೌದ್ಧನೋ ತನಗೇ ತಿಳಿಯದ ಅನಾಮಧೇಯ ಕ್ರೈಸ್ತ ಎಂದರು. ಸೈಟಿನ ಮಾಲೀಕನಿಗೆ ಗೊತ್ತಿಲ್ಲದೆ ಖಾತೆ ಬದಲಾಗಿತ್ತು! ಜಪಾನಿನ ತತ್ವಜ್ಞಾನಿ ಕೇಜಿ ನಿಶಿತಾನಿ ಕೇಳಿದರು: ಹಾಗಾದರೆ ನಿಮ್ಮನ್ನು ನಾನು ಅನಾಮಧೇಯ ಝೆನ್ ಬೌದ್ಧ ಎನ್ನಲೇ? ಧಾರಾಳವಾಗಿ ಅನ್ನಿ, ಅದು ನನಗೆ ಗೌರವ ಎಂದರು ರಾನರ್.

ರಾನರ್ ಇದೇ ಗೌರವಕ್ಕೆ ಉಡುಪಿಗೆ ಅರ್ಜಿ ಹಾಕದಿದ್ದದ್ದು ಒಳ್ಳೆಯದಾಯಿತು. ಮಧ್ವಾಚಾರ್ಯರ ತಾರತಮ್ಯದಲ್ಲಿ ತಮೋಯೋಗ್ಯ ಜೀವಗಳಿಗೆ ಅಂಧಂತಮಸ್ಸು ಎಂಬ ಕಗ್ಗತ್ತಲ ನರಕ ಶಾಶ್ವತ, ಅದೂ ಸ್ವಭಾವದಿಂದಲೇ. ರೋಮಿನಲ್ಲಿ ಸಾಯುವ ಮುನ್ನ ಒಂದು ಚೊಂಬು ನೀರು ಹೊಯ್ಯಿಸಿಕೊಂಡರೆ ದಾರಿಯಿತ್ತು. ಇಲ್ಲಿ ಆ ಕೌಂಟರೇ ಇಲ್ಲ.