ಅಮಾಸಿಗೊಮ್ಮೆ ಒದರುವ ಹಲ್ಲಿ

ನಮ್ಮ ಕುಷ್ಟಗಿ ಚಿಗವ್ವ ಸೊಸೆಯ ಬಾಣಂತನಕ್ಕೆ ಡಲ್ಲಾಸ್‌ಗೆ ಹೊರಟಾಗ ಚೀಲದಲ್ಲಿ ಜೋಳದ ಹಿಟ್ಟು, ಗುರೆಳ್ಳು ಚಟ್ನಿ, ಅಜವಾನ, ಲೋಬಾನ ಎಲ್ಲ ತುಂಬಿಕೊಂಡಿದ್ದಳು. ಮಗನ ಮನೆಯ ಛಾವಣಿಗೆ ಅಂಟಿಕೊಂಡ ಬಿಳಿ ಡಬ್ಬಿಯೊಂದು ತನಗಾಗಿ ಕಾದಿದೆಯೆಂದು ಯಾರೂ ಹೇಳಿರಲಿಲ್ಲ.

ಮೊದಲ ರೊಟ್ಟಿ ಹಂಚಿಗೆ ಬಿತ್ತು. ಉದುರಿದ ಹಿಟ್ಟು ಕರಕಾಯಿತು. ಡಬ್ಬಿ ಕಿರುಚಿತು. ಮಗ ಟವೆಲ್ ಬೀಸುತ್ತ ಓಡಿ ಬಂದು, ಒಳಗೆ ಬೆಳಕಿನ ಕಿರಣ ಇರತೈತಿ, ಹೊಗಿ ಅಡ್ಡ ಬಂದ್ರ ಅದು ಚದುರತೈತಿ ಎಂದು ವಿಜ್ಞಾನ ಶುರುಮಾಡಿದ. "ಇದನ್ನ ಕೊಪ್ಪಳದ ಗವಿಮಠದ ಜಾತ್ರಿ ದಾಸೋಹದಾಗ ಕಟ್ಟಬೇಕಿತ್ತು ನೋಡು, ಒದರಿ ಒದರಿ ಅಲ್ಲೇ ಪ್ರಾಣ ಬಿಡತಿತ್ತು!" ಎಂದಳು ಚಿಗವ್ವ.

ಎರಡು ದಿನ ಬಿಟ್ಟು ಅರ್ಧರಾತ್ರಿ 'ಚಿಕ್' ಅಂತ ಸದ್ದು. ಚಿಗವ್ವ ಆಗಷ್ಟೇ, "ನಿಮ್ಮಪ್ಪ ತಾನಾಗಿ ನನಗೊಂದು ಸೀರಿ ತಂದಿಲ್ಲ" ಎಂದಿದ್ದಳು. ಹಲ್ಲಿ ಸಾಕ್ಷಿ ಹೇಳಿತಲ್ಲ! ಬೆರಳಿಂದ ಗೋಡೆ ಕುಟ್ಟಿ 'ಕೃಷ್ಣ ಕೃಷ್ಣ' ಎಂದಳು. ನಿಮಿಷಕ್ಕೊಮ್ಮೆ ಚಿಕ್. ಚಿಕ್ಕಪ್ಪನ ಮೇಲಿನ ನಲವತ್ತು ವರ್ಷದ ದೂರುಗಳೆಲ್ಲ ಬೆಳಗಾಗುವುದರೊಳಗೆ ಖರೇ ಅಂತ ತೀರ್ಮಾನವಾದವು. ಬೆಳಿಗ್ಗೆ ಮಗ ಬ್ಯಾಟರಿ ಬದಲಿಸಲು ಡಬ್ಬಿ ಇಳಿಸಿದರೆ, ಬೆನ್ನಮೇಲೆ ತಯಾರಾದ ತಾರೀಖು. ಹತ್ತು ವರ್ಷ ದಾಟಿತ್ತು. ಹೊಗೆಯ ಡಬ್ಬಿಗೆ ಆಯುಷ್ಯ ಅಷ್ಟೇ, ಆಮೇಲೆ ಹೊಸ ಬ್ಯಾಟರಿ ಹಾಕಿದರೂ ನಂಬುವ ಹಾಗಿಲ್ಲ. ಹೊಸದು ಬಂತು. ಚಿಕ್ಕಪ್ಪನ ವಿರುದ್ಧದ ಸಾಕ್ಷಿ ಕಸದ ಬುಟ್ಟಿ ಸೇರಿತು.

ನಿಜವಾದ ಜಗಳ ಆದದ್ದು ಕೆಂಡದ ಸಲುವಾಗಿ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಬಾರ್ಬೆಕ್ಯೂ ಇದ್ದಿಲು ಕೆಂಪಗೆ ಕಾಯಿಸಿ, ತಟ್ಟೆಯಲ್ಲಿಟ್ಟು ಮಂಚದ ಕೆಳಗೆ ಸರಿಸಿದಳು. ಇನ್ನೂ ಲೋಬಾನ ಹಾಕಿಲ್ಲ, ಹೊಗೆಯ ಎಳೆಯೂ ಇಲ್ಲ, ಬೇರೆಯದೇ ಡಬ್ಬಿ ಬೊಬ್ಬೆ ಹಾಕಿತು. ಅದು ಕಾರ್ಬನ್ ಮೊನಾಕ್ಸೈಡಿನದು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸಿಲಿಂಡರಿನ ಗ್ಯಾಸಿಗಾದರೂ ನಾತ ಬರಲೆಂದು ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ, ಕೆಂಡಕ್ಕೆ ಯಾರು ಬೆರೆಸಬೇಕು?

"ನಿನ್ನ ಹಡದಾಗ ನಾ ಕೆಂಡದ ಮ್ಯಾಲೇ ಮಲಗಿದ್ದೆ, ಸತ್ತೇನು?"

"ಯವ್ವಾ, ಅವಾಗ ಮಾಳಿಗಿ ಮನ್ಯಾಗ ಬೆಳಕಿಂಡಿ ಇತ್ತು."

ಇತ್ತು, ಖರೇ. ಮಳೆ ಬಂದರೆ ಯಾರಾದರೂ ಮಾಳಿಗೆ ಏರಿ ಅದನ್ನು ಮುಚ್ಚಿ ಬರಬೇಕಿತ್ತು. ಈಗ ಆ ಜಾಗದಲ್ಲಿ ಆರ್‌ಸಿಸಿ, ಬಿಗಿಯಾಗಿ ಮುಚ್ಚುವ ಸ್ಲೈಡಿಂಗ್ ಕಿಟಕಿ, ಬಚ್ಚಲಲ್ಲಿ ಗ್ಯಾಸ್ ಗೀಸರ್. ಅಂಥ ಬಚ್ಚಲಿಗೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿ ಬೆಂಗಳೂರಿನಿಂದ ಆಗಾಗ ಬರುತ್ತದೆ.

ಚಿಗವ್ವ ಊರಿಗೆ ಹೊರಟಾಗ ಮಗ ಎರಡು ಡಬ್ಬಿ ಕೊಟ್ಟು ಕಳಿಸಿದ, ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡು ಎಂದು. ಚಿಗವ್ವನ ಲೆಕ್ಕದಲ್ಲಿ ತಿಂಗಳೆಂದರೆ ಅಮಾಸಿ. ಅವತ್ತು ಎತ್ತರದ ಸ್ಟೂಲ್ ಹತ್ತದೆ ಕಸಬರಿಗೆಯ ಹಿಡಿಯಿಂದ ಒತ್ತುತ್ತಾಳೆ. ಡಬ್ಬಿ ಒದರುತ್ತದೆ, ಓಣಿಯ ನಾಯಿಗಳು ದನಿಗೂಡಿಸುತ್ತವೆ. ಪಕ್ಕದ ಮನೆಯವರು ಪಂಚಾಂಗ ತರುವುದನ್ನೇ ಬಿಟ್ಟಿದ್ದಾರೆ.