ಆಣಿ ಮೀಮಾಂಸೆ

ಪ್ರಸ್ತುತ ಪ್ರಬಂಧಕ್ಕೆ ಆಕರ ಒಂದೇ: ಪ್ರಬಂಧಕಾರನ ಎಡಗಾಲು. ಅದು ಮೊನ್ನೆಮೊನ್ನೆಯವರೆಗೆ ಎರಡು ದಿಂಬುಗಳ ಮೇಲೆ, ವಿದ್ವಾಂಸರ ಪರಿಶೀಲನೆಗೆ ಅನುಕೂಲವಾಗುವಂತೆ ಚಾಚಿಕೊಂಡಿತ್ತು. ಕಿರುಬೆರಳಿನ ಬುಡಕ್ಕೆ ಸರಿಯಾಗಿ ಅಂಗಾಲಿನಲ್ಲಿ ಎರಡು ವರ್ಷ ಬಿಟ್ಟಿ ಬಿಡಾರ ಹೂಡಿದ್ದ ಆಣಿಯನ್ನು ಒಂದು ಸೋಮವಾರ ಡಾಕ್ಟರು ಕಾಲು ಗಂಟೆಯಲ್ಲಿ ಕಿತ್ತರು. ಮೂರು ಹೊಲಿಗೆ.

ಮೊದಲು ಶಬ್ದವಿಚಾರ. ಆಣಿ ಎಂದರೆ ಮೊಳೆ. ಲ್ಯಾಟಿನ್ ಭಾಷೆಯವರೂ ಇದಕ್ಕೆ 'ಕ್ಲಾವುಸ್', ಅಂದರೆ ಮೊಳೆ, ಎಂದೇ ಹೆಸರಿಟ್ಟಿದ್ದಾರೆ. ಇದರಿಂದ ರೋಮಿಗೂ ನಮಗೂ ನಂಟಿತ್ತೆಂದು ಸಾಧಿಸಹೊರಡುವವರು ಅವಸರ ಮಾಡಬಾರದು. ಎರಡೂ ಕಡೆ ಬಿಗಿ ಚಪ್ಪಲಿ ಇತ್ತೆಂದಷ್ಟೇ ಸಿದ್ಧವಾಗುತ್ತದೆ. ಆದರೆ 'ಆಣಿಮುತ್ತು' ಎಂಬ ಮಾತು ಕನ್ನಡದ ಭಾಗ್ಯ. ಚಿಪ್ಪಿನೊಳಗೆ ಏನೋ ಕಿರಿಕಿರಿಯಾಗಿ ಆ ಜೀವಿ ಅದರ ಸುತ್ತ ಪದರದ ಮೇಲೆ ಪದರ ಕಟ್ಟಿದರೆ ಮುತ್ತು. ಬೂಟಿನೊಳಗೆ ಕಿರಿಕಿರಿಯಾಗಿ ಕಾಲು ಚರ್ಮದ ಮೇಲೆ ಚರ್ಮ ಕಟ್ಟಿದರೆ ಆಣಿ. ತಯಾರಿಕೆಯ ಕ್ರಮ ಒಂದೇ, ಗಿರಾಕಿ ಮಾತ್ರ ಇಲ್ಲ.

ಶಾಸ್ತ್ರಾಧಾರವೂ ಉಂಟು. ಸುಶ್ರುತ ಇದನ್ನು 'ಕದರ' ಎಂದು ಕರೆದು, 44 ಕ್ಷುದ್ರರೋಗಗಳ ಪಟ್ಟಿಗೆ ಸೇರಿಸಿದ್ದಾನೆ. ಕೂದಲು ಉದುರುವುದೂ ಅದೇ ಪಟ್ಟಿಯಲ್ಲಿದೆ, ಎಂದಮೇಲೆ ಅಲ್ಲೂ ಪ್ರಬಂಧಕಾರನಿಗೆ ಸ್ಥಾನ ಖಾಯಂ. ಕದರವನ್ನು ಕಿತ್ತು, ಆ ಜಾಗವನ್ನು ಕಾಯ್ದ ಎಣ್ಣೆಯಿಂದ ಸುಡಬೇಕೆಂದು ಆತನ ಅಪ್ಪಣೆ. ನಮ್ಮ ಡಾಕ್ಟರು ಮರಗಟ್ಟಿಸುವ ಸೂಜಿ ಹಿಡಿದು ಬಂದಾಗ ನಾನು ಈ ಪ್ರಮಾಣವನ್ನು ಉಲ್ಲೇಖಿಸಲಿಲ್ಲ. ಪಾಂಡಿತ್ಯಕ್ಕೂ ಹೊತ್ತು ಗೊತ್ತು ಇರಬೇಕು.

ಇನ್ನು ನಿದಾನ, ಅಂದರೆ ಕಾರಣ: ಆರೋಗ್ಯ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ನಡಿಗೆಗೆಂದೇ ಕೊಂಡ ಬೂಟದು. ಕಾಲು ಎಂಟು, ರಿಯಾಯಿತಿಯಲ್ಲಿ ಉಳಿದಿದ್ದು ಏಳು. "ಹಾಕ್ತಾ ಹಾಕ್ತಾ ಸಡಿಲ ಆಗತ್ತೆ ಸಾರ್" ಎಂದ ಅಂಗಡಿಯ ಹುಡುಗ. ಮೈಯ 206 ಮೂಳೆಗಳಲ್ಲಿ 52 ಎರಡು ಪಾದಗಳಲ್ಲೇ ಇವೆ. ಅಷ್ಟು ಮಂದಿ ಒಟ್ಟಾಗಿ ಎರಡು ವರ್ಷ ಒತ್ತಿದರೂ ಬೂಟು ಜಗ್ಗಲಿಲ್ಲ.

ಎರಡು ವಾರ ಕಾಲೂರಬೇಡಿ, ನೀರು ತಾಗಿಸಬೇಡಿ ಎಂದು ಡಾಕ್ಟರ ಆಜ್ಞೆ. ಎರಡನೆಯದರಿಂದ ಒಂದು ಹೊಸ ಆಸನ ಹುಟ್ಟಿತು. ಬಚ್ಚಲಲ್ಲಿ ಸ್ಟೂಲು, ಅದರ ಮೇಲೆ ಸಾಧಕ, ಎಡಗಾಲು ಹಾಲಿನ ಪ್ಯಾಕೆಟ್ಟಿನ ಕವರು ತೊಟ್ಟು, ರಬ್ಬರ್ ಬ್ಯಾಂಡ್ ಬಿಗಿದುಕೊಂಡು, ಬಾಗಿಲಾಚೆಯ ಮಣೆಯ ಮೇಲೆ. ತಲೆಗೆ ಸೋಪು ಹಚ್ಚಿದ ಮೇಲೆ ತಂಬಿಗೆ ಯಾವ ದಿಕ್ಕಿಗಿದೆ ಎಂಬುದು ಅನುಮಾನ ಪ್ರಮಾಣಕ್ಕೆ ಬಿಟ್ಟ ವಿಷಯ. ಇದಕ್ಕೆ ಅರ್ಧಸ್ನಾನಾಸನವೆಂದು ಹೆಸರಿಟ್ಟಿದ್ದೇನೆ.

ಮೊದಲನೆಯ ಆಜ್ಞೆ ಕಠಿಣ. ಏಕೆಂದರೆ ಮಣಿಕಟ್ಟಿನಲ್ಲಿ ಮಗಳು ಕೊಡಿಸಿದ ವಾಚಿದೆ, ದಿನಕ್ಕೆ ಹತ್ತು ಸಾವಿರ ಹೆಜ್ಜೆ ಕೇಳುತ್ತದೆ. ಈ ಸಂಖ್ಯೆ ಯಾವ ಋಷಿಯದೂ ಅಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಹೊರಟು ಅದಕ್ಕೆ 'ಮಾನ್ಪೋ ಕೇ', ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಎಂದು ಹೆಸರಿಟ್ಟಿತು. ಸರಕಿನ ಹೆಸರೇ ಶಾಸ್ತ್ರವಾಯಿತು. ಮೂರನೆಯ ದಿನ ವಾಚು 61 ಹೆಜ್ಜೆ ತೋರಿಸಿ, ಎದ್ದು ಓಡಾಡಿ ಎನ್ನುವಂತೆ ಒಮ್ಮೆ ನಡುಗಿತು.

ನಾಲ್ಕನೆಯ ದಿನ ಜ್ಞಾನೋದಯ. ವಾಚು ಇರುವುದು ಕೈಯಲ್ಲಿ. ಕಾಲಿನ ಸಮಾಚಾರ ಅದಕ್ಕೇನು ಗೊತ್ತು? ಕೈ ಹಿಂದೆ ಮುಂದೆ ಆಡಿದ್ದನ್ನೇ ಅದು ಹೆಜ್ಜೆಯೆಂದು ನಂಬುತ್ತದೆ. ಮಂಚದಲ್ಲೇ ಕೂತು ಕೈ ಬೀಸತೊಡಗಿದೆ. ನೂರು, ಇನ್ನೂರು. ಮನೆಯವಳು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು.

"ರೀ, ಹೇಗೂ ಕೈ ಬೀಸ್ತಾ ಇದೀರ. ಮೊಸರಾದ್ರೂ ಕಡೀರಿ."

ಅಟ್ಟದಲ್ಲಿದ್ದ ಕಡಗೋಲು ಇಳಿಯಿತು. ಹಗ್ಗದ ಎರಡು ತುದಿ ಹಿಡಿದು ಬಲ, ಎಡ, ಬಲ, ಎಡ. ಬೆಣ್ಣೆ ತೇಲುವ ಹೊತ್ತಿಗೆ ವಾಚಿನಲ್ಲಿ ಎರಡು ಸಾವಿರ ದಾಟಿತ್ತು. ಮರುದಿನ ಒರಳಲ್ಲಿ ಚಟ್ನಿ, ಅದರ ಮರುದಿನ ಮೊರದಲ್ಲಿ ಅವರೆಕಾಳು. ಒಂಬತ್ತನೆಯ ದಿನ 10,214. ವಾಚಿನ ಪರದೆಯ ಮೇಲೆ ಬಣ್ಣದ ಪಟಾಕಿ ಸಿಡಿದವು.

ಇಲ್ಲಿ ಕೆರೆ ಏರಿಯ ಮಿತ್ರರು ಹಣ್ಣಿನ ಸಮೇತ ಬಂದು ಆಕ್ಷೇಪವೆತ್ತಿದರು. ಕಾಲು ಆಡಿಸದ ನಡಿಗೆ ನಡಿಗೆಯೇ? ಸಮಾಧಾನ: ತಾವು ಪ್ರತಿದಿನ ಒಂದು ಸುತ್ತು ನಡೆದು, ಮೂರು ಬೆಂಚಿನಲ್ಲಿ ಕೂತು, ಸಕ್ಕರೆ ಕಾಯಿಲೆಯ ಬಗ್ಗೆ ಚರ್ಚಿಸುತ್ತ ಮಸಾಲೆ ದೋಸೆ ತಿಂದು ಬರುವುದು ವ್ಯಾಯಾಮವಾದರೆ, ಇದೂ ಹೌದು. ಎರಡನೆಯ ಆಕ್ಷೇಪವನ್ನು ಅವರು ಎತ್ತಲಿಲ್ಲ. ತಟ್ಟೆಯಲ್ಲಿ ಅಕ್ಕಿ ರೊಟ್ಟಿಯ ಮೇಲೆ ನನ್ನ ಕೈಯಾರೆ ಕಡೆದ ಬೆಣ್ಣೆ ಇತ್ತು. ತೂಕ ಇಳಿಸಲು ಹೊರಟ ಸಾಧನೆಯ ಫಲವನ್ನು ಸಾಧಕನೇ ಉಣ್ಣಬೇಕಾಗುವುದು ಈ ಸಿದ್ಧಾಂತದ ಏಕಮಾತ್ರ ದೋಷ. ಅದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ.

ಹದಿನೈದನೆಯ ದಿನ ಹೊಲಿಗೆ ಬಿಚ್ಚಿದರು. ಎಂಟರ ಬೂಟು ಬಂತು. ಹದಿನೆಂಟನೆಯ ಬೆಳಗ್ಗೆ ಎರಡೂ ಕಾಲೂರಿ, ಮಗು ಹೆಜ್ಜೆಯಿಟ್ಟಂತೆ, ಬೀದಿಯ ಕೊನೆಯ ಹೊಂಗೆ ಮರದವರೆಗೆ ಹೋಗಿ ಬಂದೆ. ಕಣ್ಣಲ್ಲಿ ನೀರೂ ಬಂತು. ರಾತ್ರಿ ವಾಚು ನೋಡಿದರೆ 1,140. ಹೋದ ವಾರಕ್ಕಿಂತ ತಮ್ಮ ಚಟುವಟಿಕೆ ತೀರ ಇಳಿದಿದೆ ಎಂದು ಎಚ್ಚರಿಕೆ ಬೇರೆ. ಅಡುಗೆಮನೆಯಲ್ಲಿ ಕಡಗೋಲು ಇನ್ನೂ ಅಟ್ಟಕ್ಕೆ ಹೋಗಿರಲಿಲ್ಲ.